ಮೂಲೆಯಲ್ಲಿ ಓಡಿಹೋಗುವ ಹೆಸರು

ಕಳೆದ ತಿಂಗಳು ನನಗೆ ಜೀವಮಾನ ಸಾಧನೆಯ ಪ್ರಶಸ್ತಿ ಬಂತು. ನಗಬೇಡಿ. ಅಬುಧಾಬಿಯ ದೊಡ್ಡ ಸಭಾಂಗಣ, ಒಂಬತ್ತು ಕ್ಯಾಮೆರಾ, ಕಣ್ಣು ಕೋರೈಸುವ ಬೆಳಕು. ಕೈಗೆ ಕೊಟ್ಟದ್ದು ಮಾತ್ರ ಅರ್ಧ ಲೀಟರಿನ ನೀರಿನ ಬಾಟಲಿ.

ನಿಜವಾದ ಪ್ರಶಸ್ತಿ ಮರುದಿನ ಮುಂಬೈಯಿಂದ ಬರಲಿದ್ದ ಹಿರಿಯ ನಟಿಯೊಬ್ಬರಿಗೆ. ನಾನು ಅವರ ಡಮ್ಮಿ. ಟಿವಿಯ ಇಂಥ ದೊಡ್ಡ ಕಾರ್ಯಕ್ರಮಗಳಿಗೆ ಹಿಂದಿನ ದಿನ ಪೂರ್ತಿ ರಿಹರ್ಸಲ್ ಇರುತ್ತದೆ. ಅದಕ್ಕೆಲ್ಲ ಸ್ಟಾರುಗಳು ಬರುತ್ತಾರೆಯೇ? ಅವರ ಕುರ್ಚಿಗೆ ಅವರ ಫೋಟೊ ಅಂಟಿಸಿ ನಮ್ಮಂಥವರನ್ನು ಕೂರಿಸುತ್ತಾರೆ. ಹೆಸರು ಕರೆದಾಗ ನಾವು ಎದ್ದು ಹೋಗಬೇಕು, ಟ್ರೋಫಿಯ ಬದಲು ಬಾಟಲಿ ಹಿಡಿಯಬೇಕು, ಎದುರಿನ ಪರದೆಯಲ್ಲಿ ಬರುವ ಭಾಷಣ ಓದಬೇಕು, ಇಳಿಯಬೇಕು. ಕ್ಯಾಮೆರಾದವರಿಗೆ ಅಭ್ಯಾಸವಾಗಲಿ ಎಂದು. (ನನ್ನ ಕುರ್ಚಿಯ ಫೋಟೊದವರು ನನಗಿಂತ ಹದಿನೈದು ವರ್ಷ ದೊಡ್ಡವರು. ಸುಕ್ಕು ಮಾತ್ರ ನನಗೇ ಜಾಸ್ತಿ.)

ಕರೆದದ್ದು ಲವೀನಾ.

ಇಪ್ಪತ್ತೆರಡು ವರ್ಷದ ಹಿಂದೆ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ನಾವಿಬ್ಬರೂ ಒಂದೇ ರೂಮಿನ ಬೆಡ್‌ಸ್ಪೇಸಿನಲ್ಲಿ, ಅಂದರೆ ಮಂಚದ ಲೆಕ್ಕದ ಬಾಡಿಗೆಯಲ್ಲಿ, ಇದ್ದೆವು. ಮೇಲಿನ ಮಂಚ ಅವಳದು, ಕೆಳಗಿನದು ನನ್ನದು. ನಾನು ಉಡುಪಿ, ಅವಳು ಮಂಗಳೂರಿನ ಕುಲಶೇಖರ. ನಾನು ಕ್ಲಿನಿಕ್ಕಿನಲ್ಲಿ ಇನ್ಶೂರೆನ್ಸ್ ಫಾರಂ ತುಂಬುತ್ತಿದ್ದೆ. (ಈಗಲೂ ಅದೇ. ಜಾಗ ಮಾತ್ರ ಬದಲು, ದುಬೈಯ ಅಲ್ ಮುರಕ್ಕಬಾತ್.) ಅವಳು ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ಕಂಪೆನಿಯಲ್ಲಿ ರಿಸೆಪ್ಷನಿಸ್ಟ್. ಒಂದು ದಿನ ಕುರ್ಚಿ ತಲುಪಿತೇ ಎಂದು ನೋಡಲು ಹೋದಾಗ ಸ್ಟೇಜ್ ನೋಡಿಕೊಳ್ಳುವವರು ಬಂದಿರಲಿಲ್ಲ. ಇವಳೇ ಪರದೆಯ ಹಿಂದೆ ನಿಂತು ಹಾಡುವವರಿಗೆ ‘ಈಗ ಹೋಗಿ’ ಎಂದಳಂತೆ. ಅಷ್ಟೇ. ಕುರ್ಚಿ ಬಿಟ್ಟಳು, ಸ್ಟೇಜ್ ಹಿಡಿದಳು.

ಆಮೇಲೆ ಈದ್ ಸ್ಪೆಷಲ್, ದೀಪಾವಳಿ ಸ್ಪೆಷಲ್, ಅವಾರ್ಡ್ ನೈಟ್. ನೋಡನೋಡುತ್ತಿದ್ದಂತೆ ಪ್ರೊಡ್ಯೂಸರ್ ಆದಳು. ಪ್ರೊಡ್ಯೂಸರ್ ಎಂದರೆ ದುಡ್ಡು ಹಾಕುವವರು ಎಂದುಕೊಂಡಿದ್ದೆ. ಅಲ್ಲವಂತೆ. ಎಲ್ಲ ಸರಿಯಾದರೆ ಯಾರ ಕಣ್ಣಿಗೂ ಬೀಳದವರು, ಏನಾದರೂ ತಪ್ಪಿದರೆ ಎಲ್ಲರಿಂದಲೂ ಬೈಸಿಕೊಳ್ಳುವವರು. (ನಮ್ಮಲ್ಲಿ ಇದಕ್ಕೆ ಗೃಹಿಣಿ ಎನ್ನುತ್ತಾರೆ.)

ಯಾರ ಕಣ್ಣಿಗೂ ಬೀಳದಿದ್ದರೂ ಲವೀನಾಗೆ ಬೇಸರವಿಲ್ಲ. ಒಬ್ಬರನ್ನು ಬಿಟ್ಟು.

ಅವಳ ಅಮ್ಮ ಸಿಸಿಲಿ ಬಾಯಿ. ಊರಿನಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಗದ್ದಲದ ನಡುವೆ ಕೂತು ಮಗಳ ಪ್ರತಿಯೊಂದು ಶೋ ಕೊನೆಯವರೆಗೆ ನೋಡುತ್ತಾರೆ. ಹಿಂದಿ ಬರುವುದಿಲ್ಲ. ಸ್ಟಾರುಗಳ ಗುರುತಿಲ್ಲ. ಇಂಗ್ಲಿಷಿನಲ್ಲಿ ಅವರಿಗೆ ಓದಲು ಬರುವುದು ಎರಡೇ: ತನ್ನ ಸಹಿ, ಮಗಳ ಹೆಸರು. ಅವರು ಮೂರು ಗಂಟೆ ಕಾಯುವುದು ಆ ಹೆಸರಿಗೆ. ಆದರೆ ಹೆಸರುಗಳು ಶುರುವಾಗುವ ಹೊತ್ತಿಗೆ ಚಾನೆಲ್‌ನವರು ಅವನ್ನೆಲ್ಲ ಒಂದು ಮೂಲೆಗೆ ಒತ್ತರಿಸಿ, ಉಳಿದ ಜಾಗದಲ್ಲಿ ಮುಂದಿನ ಕಾರ್ಯಕ್ರಮದ ಜಾಹೀರಾತು ಹಾಕಿಬಿಡುತ್ತಾರೆ. ಮೂಲೆಯಲ್ಲಿ ಹೆಸರುಗಳು ಇರುವೆ ಸಾಲಿನ ಹಾಗೆ ಓಡುತ್ತವೆ. (ಈ ಅಂಕಣದ ಕೊನೆಯ ಸಾಲಿಗೂ ಆಗಾಗ ಇದೇ ಗತಿ. ಹೋದ ವಾರ ಒಂದು ಪ್ರೆಷರ್ ಕುಕ್ಕರಿನ ಜಾಹೀರಾತು ನುಂಗಿತು. ನಿಮಗೆ ಗೊತ್ತಾಗಲೂ ಇಲ್ಲ, ನೋಡಿ.)

ಪ್ರತಿ ಸಲವೂ ಅಮ್ಮನ ಫೋನ್: “ಕನ್ನಡಕ ಸರಿ ಮಾಡುವಷ್ಟರಲ್ಲಿ ಹೋಯ್ತು ಮಗಾ.”

“ಶಶೀ, ಶನಿವಾರ ರಿಹರ್ಸಲ್‌ಗೆ ಡಮ್ಮಿಯಾಗಿ ಬಾ ಮಾರಾಯ್ತಿ,” ಎಂದಳು ಲವೀನಾ ಫೋನಿನಲ್ಲಿ. “ನೀನು ನನ್ನ ಒಂದು ಶೋನೂ ನೋಡ್ಲಿಲ್ಲ. ಇದು ಲಾಸ್ಟ್. ಕಂಪೆನಿ ಇಲ್ಲಿನ ಆಫೀಸ್ ಖಲಾಸ್ ಮಾಡ್ತಾ ಉಂಟು. ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೋಗುದೇ.”

ಮುಂದುವರಿಸಿದಳು: “ಈ ಸಲ ಚಾನೆಲ್‌ನವ್ರತ್ರ ಕೇಳಿಕೊಂಡಿದ್ದೇನೆ. ಹೆಸ್ರು ಫುಲ್ ಸ್ಕ್ರೀನ್ ಬಿಡ್ತಾರಂತೆ. ಒಂದ್ಸಲ ಅಮ್ಮ ನೋಡ್ಲಿ, ಸಾಕು.”

ಹೀಗೆ ನಾನು ಸ್ಟೇಜ್ ಹತ್ತಿದೆ. ಲವೀನಾ ಸ್ಟೇಜಿನ ಹಿಂದೆ ಕೆಲಸ ಮಾಡುವವರ ಕಪ್ಪು ಬಟ್ಟೆ ತೊಟ್ಟು, ಕಿವಿಗೆ ಹೆಡ್‌ಸೆಟ್ ಹಾಕಿ, ಕತ್ತಲಲ್ಲೆಲ್ಲೋ ಇದ್ದಳು. ಅವಳ ಸ್ವರ ಮಾತ್ರ ಮೇಲಿನ ಸ್ಪೀಕರಿನಿಂದ ಬರುತ್ತಿತ್ತು. ಪರದೆಯಲ್ಲಿ ಭಾಷಣ ಶುರುವಾಯಿತು. ನಾನು ಶಾಲೆಯ ಮಗ್ಗಿಯ ಧಾಟಿಯಲ್ಲಿ ಓದತೊಡಗಿದೆ. ಇಂಗ್ಲಿಷಿನಲ್ಲಿದ್ದ ಅದರ ಸಾರಾಂಶ ಇಷ್ಟು:

“ನನಗೆ ಭಾಷಣ ಬರುವುದಿಲ್ಲ. ಬೇರೆಯವರ ಭಾಷಣ ಎಷ್ಟು ಸೆಕೆಂಡ್ ಆಯಿತು ಎಂದು ನೋಡುವುದು ನನ್ನ ಕೆಲಸ. ಎಲೆಕ್ಟ್ರಾ ಸ್ಟ್ರೀಟಿನ ಆರನೇ ಮಹಡಿಯ ರೂಮಿಗೆ ಥ್ಯಾಂಕ್ಸ್. ಮೊದಲ ಶೋ ದಿನ ನನ್ನ ಹತ್ತಿರ ಕಪ್ಪು ಬಟ್ಟೆ ಇರಲಿಲ್ಲ. ತನ್ನ ಕಪ್ಪು ಚೂಡಿದಾರ್ ಕೊಟ್ಟ ಗೆಳತಿಗೆ ಥ್ಯಾಂಕ್ಸ್. ಅದನ್ನಿನ್ನೂ ವಾಪಸ್ ಕೊಟ್ಟಿಲ್ಲ...”

ನನ್ನ ಬಾಯಿ ನಿಂತಿತು. ಆ ಚೂಡಿದಾರ್ ನನ್ನದು!

“ಶಶೀ, ನಿಲ್ಬೇಡ, ಟೈಮ್ ಹೋಗ್ತದೆ,” ಎಂದಿತು ಸ್ಪೀಕರ್.

ಉಳಿದ ಎರಡು ಸಾಲು ಓದಿದೆ. “ಅಮ್ಮಾ, ಇವತ್ತು ಕನ್ನಡಕ ಹುಡುಕಬೇಡ. ಇವತ್ತು ನಾನು ಬೆಳಕಿನಲ್ಲಿ, ನಡುವಿನಲ್ಲೇ ನಿಂತಿದ್ದೇನೆ.”

ಸಭಾಂಗಣದಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ. ಅವರಿಗೆ ಬೇಕಾದದ್ದು ನನ್ನ ಮುಖ ಫೋಕಸ್‌ನಲ್ಲಿದೆಯೇ ಎಂಬುದು. ನನ್ನ ಕಣ್ಣು ಒದ್ದೆಯಾದದ್ದು ದೊಡ್ಡ ಸ್ಕ್ರೀನಿನಲ್ಲಿ ಕಂಡಿತಂತೆ, ಒಬ್ಬ ಕ್ಯಾಮೆರಾದವನು ‘ವೆರಿ ಗುಡ್ ಆ್ಯಕ್ಟಿಂಗ್ ಮೇಡಂ’ ಎಂದ. ಸ್ಪೀಕರಿನಲ್ಲಿ ಲವೀನಾ ಲೆಕ್ಕ ಹೇಳಿದಳು: ಐವತ್ತೆರಡು ಸೆಕೆಂಡ್. ಇರುವುದು ನಲವತ್ತೈದು. ಭಾಷಣದ ಪರದೆ ನೋಡಿಕೊಳ್ಳುವವನಿಗೆ ಹೇಳಿದಳು: “ಲಾಸ್ಟ್ ಟೂ ಲೈನ್ಸ್ ಡಿಲೀಟ್. ಯಲ್ಲಾ, ಕ್ವಿಕ್, ನೆಕ್ಸ್ಟ್.”

ಅಮ್ಮನ ಸಾಲು ಅವಳೇ ಕತ್ತರಿಸಿದಳು.

ಚಹಾ ಕುಡಿಯುವಾಗ ಕೇಳಿದೆ, “ಎಂತ ಲವೀ ಅದು?”

“ಎಂತದೂ ಇಲ್ಲ. ಟೈಮಿಂಗ್ ನೋಡ್ಲಿಕ್ಕೆ ಏನಾದ್ರೂ ಬರೆದು ಹಾಕ್ಬೇಕಲ್ಲ. ಪ್ರತಿ ರಿಹರ್ಸಲ್‌ಗೆ ಅದನ್ನೇ ಹಾಕ್ತೇನೆ.”

“ಎಷ್ಟು ವರ್ಷದಿಂದ?”

“ಹನ್ನೊಂದು.” ಚಹಾ ಊದಿ ಕುಡಿದಳು. “ಫಿಲಿಪೀನ್ಸ್‌ನವ್ರು ಓದಿದ್ದಾರೆ, ಈಜಿಪ್ಟಿನವ್ರು ಓದಿದ್ದಾರೆ. ನೀನು ಓದುವಾಗ ಮಾತ್ರ ಸ್ವಲ್ಪ ಎಂತದೋ ಆಯ್ತು.”

ಹನ್ನೊಂದು ವರ್ಷ! ಗುರುತು ಪರಿಚಯ ಇಲ್ಲದವರೆಲ್ಲ ನೀರಿನ ಬಾಟಲಿ ಹಿಡಿದು ಅವಳ ಅಮ್ಮನನ್ನು ಕರೆದಿದ್ದಾರೆ. ಅವಳೊಬ್ಬಳು ಮಾತ್ರ ಒಮ್ಮೆಯೂ ಆ ಬೆಳಕಿಗೆ ಬಂದು ನಿಂತಿಲ್ಲ. ನಾನಾದರೂ ಏನು ಕಡಿಮೆ? ಇಷ್ಟು ವರ್ಷ ಇದೇ ಅಂಕಣದಲ್ಲಿ ಗಂಡನ ಗೊರಕೆ, ಲಿಫ್ಟ್ ಕೆಟ್ಟದ್ದು, ಕಂಪೆನಿ ಡ್ರೈವರಿನ ಹಾಡು, ಎಲ್ಲ ಬರೆದೆ. ಲವೀನಾ ಬಗ್ಗೆ ಒಂದು ಸಾಲು ಬರೆದೆನೇ?

ಹೋದ ಭಾನುವಾರ ಶೋ ಪ್ರಸಾರವಾಯಿತು. ಮೂರು ಗಂಟೆ ಅಲ್ಲಾಡದೆ ಕೂತೆ. ಆ ಹಿರಿಯ ನಟಿ ದೇವರಿಗೆ, ಅಭಿಮಾನಿಗಳಿಗೆ, ಡ್ರೆಸ್ ಹೊಲಿದವರಿಗೆ ಥ್ಯಾಂಕ್ಸ್ ಹೇಳಿದರು. ಕೊನೆಗೆ ಹೆಸರುಗಳು ಬಂದವು. ಒಂದು ಕ್ಷಣ ಪೂರ್ತಿ ಸ್ಕ್ರೀನಿನಲ್ಲೇ ಬಂದವು. ನಾನು ಎದ್ದು ನಿಂತೆ. ಮರುಕ್ಷಣ ಎಲ್ಲವೂ ಮೂಲೆ ಸೇರಿ, ಅಡುಗೆ ಸ್ಪರ್ಧೆಯೊಂದರ ಬಾಣಲೆ ಟಿವಿ ತುಂಬಾ ಹರಡಿತು.

“ಮಮ್ಮಿ, ಇಟ್ಸ್ ಓವರ್. ಕ್ಯಾನ್ ಐ ಚೇಂಜ್?” ಎಂದಳು ಮಗಳು.

ಲವೀನಾಗೆ ಫೋನ್ ಮಾಡಿದೆ. ಅವಳು ಹೇಳಿದಳು, “ಅಮ್ಮ ಕಾಲ್ ಮಾಡಿದ್ರು. ‘ಈ ಸಲ ಕಂಡಿತು ಮಗಾ, ದೊಡ್ಡ ಅಕ್ಷರದಲ್ಲಿ ಕಂಡಿತು’ ಅಂದ್ರು.”

“ಮತ್ತೆ?”

“ಮತ್ತೆಂತ? ನನಗೋಸ್ಕರ ಸುಳ್ಳು ಹೇಳಿದ್ರು. ನಾನು ‘ಹೌದಾ ಅಮ್ಮಾ’ ಅಂದೆ.”

ಮುಂದಿನ ಶುಕ್ರವಾರ ಅವಳು ಹೊರಡುತ್ತಾಳೆ. ನನ್ನ ಚೂಡಿದಾರ್ ಇಸ್ತ್ರಿ ಮಾಡಿ ಕಳಿಸಿದ್ದಾಳೆ. ನನಗೀಗ ಅದು ತೋಳಿಗೂ ಹತ್ತುವುದಿಲ್ಲ. ಕಪಾಟಿನಲ್ಲಿಟ್ಟಿದ್ದೇನೆ, ಬಾಗಿಲು ತೆರೆದಾಗಲೆಲ್ಲ ಆ ಆರನೇ ಮಹಡಿಯ ರೂಮು ಬೇಕೆನಿಸುತ್ತದೆ.

ಸಿಸಿಲಿ ಬಾಯಿ ಈ ಪತ್ರಿಕೆ ತರಿಸುತ್ತಾರೆ. ಹಾಗಾಗಿ ಪುಟ ಕಟ್ಟುವವರಲ್ಲಿ ಒಂದು ಬೇಡಿಕೆ. ಕುಕ್ಕರ್ ಬರಲಿ, ಸೀರೆ ಬರಲಿ, ಬೇಕಾದರೆ ನನ್ನ ಫೋಟೊ ತೆಗೆದುಹಾಕಿ. ಇವತ್ತು ಕೊನೆಯ ಸಾಲು ಮುಟ್ಟಬೇಡಿ.

ಬಾಯಿ, ನಿಧಾನವಾಗಿ ಕನ್ನಡಕ ಹಾಕಿಕೊಳ್ಳಿ, ಇದು ಓಡುವುದಿಲ್ಲ: ಪ್ರೊಡ್ಯೂಸರ್, ಲವೀನಾ ಪಿಂಟೊ.