ದೇವರ ಜಗಲಿಯ ಮೇಲಿಟ್ಟ ರಕ್ತ

ಬೆಟಗೇರಿಯ ರೇಣುಕವ್ವ ಇಪ್ಪತ್ತು ವರ್ಷಗಳಿಂದ ಸೀರೆ ನೇಯುತ್ತಾಳೆ. ಐದು ವರ್ಷದ ಮಗಳು ಅಂಕಿತಾ ಮಗ್ಗದ ಪಕ್ಕದ ಕೌದಿಯ ಮೇಲೆ ಮಲಗಿರುತ್ತಾಳೆ. ಎರಡು ವರ್ಷದ ಹಿಂದೆ ಓಡಾಡುತ್ತಿದ್ದ ಹುಡುಗಿ, ಈಗ ಕೂರಿಸಿದರೆ ವಾಲುತ್ತಾಳೆ.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯವರು ಅವಳ ಡಿಎನ್‌ಎ ಓದಿಸಿದ್ದರು. ಅದರಲ್ಲಿ ಒಂದು ಅಕ್ಷರದ ಮೇಲೆ ಅನುಮಾನ. ರೋಗದ ಮೂಲ ಅದೇ ಹೌದೋ ಅಲ್ಲವೋ ತಿಳಿಯಲು ಆರ್‌ಎನ್‌ಎ ಪರೀಕ್ಷೆ ಆಗಬೇಕಿತ್ತು. ಹೌದೆಂದಾದರೆ ಮಾತ್ರ ಹೊಸ ಔಷಧದ ಪ್ರಯೋಗದ ಪಟ್ಟಿಗೆ ಅಂಕಿತಾಳ ಹೆಸರು. ಆ ಪಟ್ಟಿ ಮುಚ್ಚಲು ಹತ್ತು ದಿನ ಉಳಿದಿತ್ತು.

ರಕ್ತ ತೆಗೆದ ದಿನ ಅಮಾವಾಸ್ಯೆ. ಅಂದು ಮಗ್ಗಗಳಿಗೆ ಬಿಡುವು, ಪೂಜೆ. ಲ್ಯಾಬಿನ ಜಾಸ್ಮಿನ ನಸುಕಿನಲ್ಲೇ ಮನೆಗೆ ಬಂದು, ಮೂರು ಸಲ ಚುಚ್ಚಿ ರಕ್ತ ತೆಗೆದು, ನಳಿಕೆಯನ್ನು ಐಸಿನ ಡಬ್ಬಿಯಲ್ಲಿಟ್ಟು, ಮೊದಲ ಬಸ್ಸಿಗೇ ಹುಬ್ಬಳ್ಳಿಗೆ ಒಯ್ಯಿರಿ ಎಂದು ಹೇಳಿ ಹೋದಳು. ಗಂಡ ನಂದೀಶ ಚಪ್ಪಲಿ ಮೆಟ್ಟಿದ್ದ. ರೇಣುಕವ್ವ ತಡೆದಳು. ಡಿಎನ್‌ಎ ಪರೀಕ್ಷೆಯ ರಕ್ತವನ್ನೂ ಅವಳು ಒಂದು ದಿನ ದೇವರ ಜಗಲಿಯ ಮೇಲಿಟ್ಟು ಭಸ್ಮ ಹಚ್ಚಿ ಕಳಿಸಿದ್ದಳು, ಏನೂ ಕೆಟ್ಟಿರಲಿಲ್ಲ. ಈ ಸಲವೂ ನಳಿಕೆಯನ್ನು ಡಬ್ಬಿಯಿಂದ ತೆಗೆದು ದೀಪದ ಪಕ್ಕ ಇಟ್ಟಳು. ಮಗ್ಗದ ಪೂಜೆ, ಮಂಗಳಾರತಿ, ಎಡೆ ಮುಗಿದು ನಂದೀಶ ಹೊರಟಾಗ ಮಧ್ಯಾಹ್ನ.

ನಾಲ್ಕನೆಯ ದಿನ ಜಾಸ್ಮಿನ ಖಬರ ತಂದಳು. ಆರ್‌ಎನ್‌ಎ ಚೂರುಚೂರಾಗಿತ್ತು, ಓದಲು ಏನೂ ಉಳಿದಿರಲಿಲ್ಲ.

"ದೇವರ ಮುಂದ ಇಟ್ಟದ್ದು ಹ್ಯಾಂಗ ಕೆಡತೈತಿ, ಜಾಸ್ಮಿನ?"

ಜಾಸ್ಮಿನಳೂ ನೇಕಾರರ ಮನೆಯವಳೇ. ಮಗ್ಗದ ಕಡೆ ಕೈ ಮಾಡಿ ತಿಳಿಸಿದಳು. ಸೀರೆಯ ನಕ್ಷೆಯ ಮೂಲ ಟ್ರಂಕಿನಲ್ಲಿ ಭದ್ರ. ಮಗ್ಗಕ್ಕೆ ಬರುವುದು ನಕಲು, ಕೆಲಸವಾದ ಮೇಲೆ ಹರಿದುಹೋಗುವಂಥದ್ದು. ಜೀವಕೋಶದಲ್ಲೂ ಹಾಗೆಯೇ ಡಿಎನ್‌ಎ ಒಳಕೋಣೆಯಲ್ಲಿರುತ್ತದೆ. ಅದರ ನಕಲಾಗಿ ಆರ್‌ಎನ್‌ಎ ಹೊರಗೆ ಬರುತ್ತದೆ, ಅದನ್ನು ನೋಡಿಯೇ ಸ್ನಾಯುವಿಗೆ ಬೇಕಾದ ಪ್ರೋಟೀನು ಕಟ್ಟಲಾಗುತ್ತದೆ. ಅಂಕಿತಾಳ ನಕಲಿನಲ್ಲಿ ಒಂದು ತುಣುಕು ಬಿಟ್ಟುಹೋಗಿದೆಯೇ ಎಂಬುದೇ ಪ್ರಶ್ನೆ. ಹೊಸ ಔಷಧ ತಿದ್ದುವುದೂ ಆ ನಕಲನ್ನೇ.

"ಡಿಎನ್‌ಎ ಎರಡೆಳಿ ಹುರಿ ಮಾಡಿದ ನೂಲಿದ್ದಂಗ, ತಡಕೋತೈತಿ. ಇದು ಒಂಟಿ ಎಳಿ, ಅಕ್ಕಾ. ಬೆಚ್ಚಗಿಟ್ರ ರಗತದಾಗಿನ ರಸಾನ ಅದನ್ನ ತಿಂದುಬಿಡತೈತಿ."

ರೇಣುಕವ್ವ ದೇವರನ್ನು ಬೈಯಲಿಲ್ಲ. ಒಂಟಿ ಎಳೆ ಎಷ್ಟು ಬೇಗ ಹರಿಯುತ್ತದೆಂದು ನೇಯುವವಳಿಗೇ ಗೊತ್ತಿರಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ.

ಮರುದಿನ ಮತ್ತೆ ಸೂಜಿ. ಎರಡೂ ಕೈ ನೀಲಿಗಟ್ಟಿದ್ದವು, ನರ ಸಿಗಲಿಲ್ಲ.

"ಅವ್ವಾ, ನನ್ನ ರಗತ ಖಾಲಿ ಆಗೇತೇನ?"

"ಖಾಲಿ ಆಗಿಲ್ಲಲೇ, ನಿನ್ನಂಗ ಕಳ್ಳಾಟ ಆಡಾಕತ್ತೈತಿ," ಎಂದಳು ಜಾಸ್ಮಿನ. ಕೊನೆಗೆ ಕಾಲಿನಿಂದ ರಕ್ತ ಬಂತು.

ಡಬ್ಬಿಯನ್ನು ರೇಣುಕವ್ವ ತಾನೇ ಎತ್ತಿಕೊಂಡಳು. ಜಗಲಿಯ ಕಡೆ ನೋಡದೆ ಹೊಸ್ತಿಲು ದಾಟಿದಳು. ಹುಬ್ಬಳ್ಳಿಯಲ್ಲಿ ಡಬ್ಬಿ ಒಪ್ಪಿಸುವಾಗಲೂ ಒಳಗೆ ಐಸು ಸದ್ದು ಮಾಡುತ್ತಿತ್ತು.

ವರದಿ ಬಂದದ್ದು ಪಟ್ಟಿ ಮುಚ್ಚಿದ ಮರುದಿನ. ರೋಗದ ಮೂಲ ಅದೇ ಅಕ್ಷರ, ನಕಲಿನಲ್ಲಿ ಒಂದು ತುಣುಕು ಇರಲಿಲ್ಲ. ಮುಂದಿನ ಪಟ್ಟಿಗೆ ಹೆಸರು ಸೇರಿಸುತ್ತೇವೆ ಎಂದರು. ಅದು ಯಾವಾಗ ಎಂದು ಯಾರೂ ಹೇಳಲಿಲ್ಲ.

ಈಗ ಅಂಕಿತಾಳ ಕೈಗಳು ಮೇಲೇಳುವುದಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯ ಮುಂದೆ ರೇಣುಕವ್ವ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆ ಎರಡು ಕೈಗಳನ್ನು ತಾನೇ ಜೋಡಿಸಿ ಹಿಡಿಯುತ್ತಾಳೆ.

"ಬಿಡಬ್ಯಾಡವ್ವಾ, ಬೀಳತಾವ," ಎನ್ನುತ್ತದೆ ಮಗು.

ಆರತಿ ಆರುವವರೆಗೂ ಅವಳು ಬಿಡುವುದಿಲ್ಲ.