ನನ್ನ ನಂಬರಿನ ಮತದಾರರು

ಕೋಡಿಬಾಗಕ್ಕೆ ಬಂದ ಮೂರನೇ ದಿನ ಹೊಳೆ ಹಿಂದಕ್ಕೆ ಹರಿಯುವುದನ್ನು ನೋಡಿದೆ. ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದವಳು ಬಕೆಟ್ ಹಿಡಿದೇ ನಿಂತುಬಿಟ್ಟೆ. ಬೆಳಿಗ್ಗೆ ಸಮುದ್ರದ ಕಡೆ ಹೋಗುತ್ತಿದ್ದ ಕಾಳಿ ನದಿ ಈಗ ತೆಂಗಿನ ಸಿಪ್ಪೆ, ಪ್ಲಾಸ್ಟಿಕ್ ಬಾಟಲಿಗಳನ್ನೆಲ್ಲ ಹೊತ್ತು ಗುಡ್ಡದ ಕಡೆ ವಾಪಸಾಗುತ್ತಿತ್ತು. ಪಾವಗಡದಲ್ಲಿ ಹೊಳೆ ಎಂದರೆ ಮರಳು ಎಂದು ತಿಳಿದು ಬೆಳೆದವಳು ನಾನು. ನೀರು ಹರಿಯುವುದೇ ನನಗೆ ಹೊಸದು, ಅದರಲ್ಲೂ ಉಲ್ಟಾ ಹರಿದರೆ ಏನು ಮಾಡಬೇಕು?

"ಅದು ಭರತಿ. ಹೆದ್ರುದೆಂತಕೆ? ಸಮುದ್ರ ಒಳಗೆ ಬರ್ತದೆ, ಮತ್ತೆ ಹೋಗ್ತದೆ," ಎಂದರು ಮನೆಯ ಒಡತಿ ಶಾಂತಾಬಾಯಿ. ಮನೆಯೊಳಗೆ ಕೊಂಕಣಿ, ನನ್ನ ಜೊತೆ ಕನ್ನಡ. ಬಾಡಿಗೆಗೆ ಕೇಳಲು ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೀನಿನ ವಾಸನೆ ಹೇಳಿ ತಕರಾರು ಮಾಡುದಿಲ್ಲ ಅಲಾ?" ನಮ್ಮ ಕಡೆ ಮಾಂಸ ತಿನ್ನುತ್ತೀರಾ ಎಂದು ಕೇಳಿ ಬಾಗಿಲು ಹಾಕುತ್ತಾರೆ, ಇಲ್ಲಿ ಮೂಗು ಮುಚ್ಚಿಕೊಳ್ಳದಿದ್ದರೆ ಸಾಕು, ಬಾಗಿಲು ತೆರೆಯುತ್ತದೆ. ಮೊದಲ ತಿಂಗಳು ಮುದ್ದೆಗಾಗಿ ಅತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ. ಆರು ತಿಂಗಳಿಗೆ ಕುಚಲಕ್ಕಿ ಗಂಜಿ ಗಂಟಲಿಗಿಳಿಯಿತು. ವರ್ಷಕ್ಕೆ ಬಂಗಡೆ ಮೀನನ್ನು ಕಿವಿರು ಎತ್ತಿ ನೋಡಿ ಚೌಕಾಸಿ ಮಾಡಿದೆ. ಆ ದಿನ ಊರಿನ ಅಕ್ಕನಿಗೆ ಫೋನ್ ಮಾಡಿ ಕೊಚ್ಚಿಕೊಂಡೂ ಆಯಿತು.

ಗಂಡನಿಗೆ ಕಾರವಾರ ಬಂದರಿನಲ್ಲಿ ಕ್ರೇನ್ ಕೆಲಸ. ನನಗೆ ಸಿಕ್ಕಿದ್ದು ಅಂಕೋಲೆಯ ಬಸ್ ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿ. ದಿನಾ ಬಸ್ಸಿನಲ್ಲಿ ಹೋಗಿಬರುವುದು, ರೇಷನ್ ಕಾರ್ಡು, ಪಿಂಚಣಿ, ಪಹಣಿ ಅಂತ ಜನರ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬುವುದು. ಈ ಕಡೆ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ. ಬರೆದುಕೊಡುತ್ತೇನೆ ಎಂಬ ಒಂದೇ ಕಾರಣಕ್ಕೆ ನನ್ನನ್ನೂ ಅಕ್ಕೋರು ಮಾಡಿದರು. ಬೆನ್ನ ಹಿಂದೆ ಮಾತ್ರ ನಾನು 'ಘಟ್ಟದ ಮೇಲಿನವಳು'. ಪಾವಗಡಕ್ಕೂ ಘಟ್ಟಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಇಲ್ಲಿಯವರಿಗೆ ಘಟ್ಟ ಹತ್ತಿದ ಮೇಲೆ ಸಿಗುವುದೆಲ್ಲ ಒಂದೇ ಊರು.

ಹೊನ್ನಮ್ಮ ನನಗೆ ಪರಿಚಯವಾದದ್ದು ಒಂದು ಪಿಂಚಣಿ ಅರ್ಜಿಯಿಂದ. ಅಂಕೋಲೆಯ ಆಚೆ ಹೊಳೆಯಂಚಿನ ಹಳ್ಳಿಯವರು, ಐವತ್ತು ದಾಟಿದ ಹೆಂಗಸು. ಅವರ ಎರಡು ಗದ್ದೆಗಳೂ ಗಜನಿಯಲ್ಲಿದ್ದವು. ಗಜನಿ ಎಂದರೆ ಉಪ್ಪುನೀರಿನ ಪಕ್ಕದ ತಗ್ಗು ಭೂಮಿ. ನಡುವೆ ಮಣ್ಣುಕಲ್ಲಿನ ಒಂದು ಒಡ್ಡು. ಒಡ್ಡು ಗಟ್ಟಿಯಿದ್ದರೆ ಭತ್ತ, ಒಡೆದರೆ ಉಪ್ಪು. ನಮ್ಮಲ್ಲಿ ನೀರಿಲ್ಲದೆ ಬೆಳೆ ಹೋಗುವುದನ್ನು ನೋಡಿದ್ದೆ, ನೀರು ಬಂದು ಬೆಳೆ ಸಾಯುತ್ತದೆ ಎಂದು ಅವರು ಹೇಳಿದಾಗ ನನಗೆ ಮೊದಲು ನಂಬಿಕೆಯೇ ಬರಲಿಲ್ಲ. ಅವರ ಒಡ್ಡು ಒಂದು ಕಡೆ ಕುಸಿಯತೊಡಗಿತ್ತು. ಅದನ್ನು ಸರಿಮಾಡಿಸಿಕೊಡಿ ಎಂದು ಅವರು ಕೊಟ್ಟ ಮನವಿಗಳನ್ನು ಟೈಪ್ ಮಾಡಿದವಳು ನಾನೇ. ಯಾರೂ ಬರಲಿಲ್ಲ.

ಆ ಬೇಸಿಗೆಯಲ್ಲಿ ಒಂದು ಪಕ್ಷದೊಳಗೆ ಜಗಳವೆದ್ದು, ಜಿಲ್ಲಾ ಪಂಚಾಯಿತಿಗೆ ಯಾರು ನಿಲ್ಲಬೇಕೆಂದು ಈ ಸಲ ಸದಸ್ಯರೇ ಮತ ಹಾಕಿ ಆರಿಸಲಿ ಎಂದು ತೀರ್ಮಾನವಾಯಿತು. ಒಂದು ತಿಂಗಳು ಯಾರು ಬೇಕಾದರೂ ಸದಸ್ಯರಾಗಬಹುದು. ಪೇಟೆಯ ದೊಡ್ಡ ಮನೆಯವರೊಬ್ಬರು ನಿಂತರು. ಅವರೆದುರು ಯಾರೂ ಎಣಿಸದ ಮೋಹನಪ್ಪನವರು ನಿಂತರು. ಹಾವೇರಿ ಕಡೆಯವರು, ದನದ ಆಸ್ಪತ್ರೆಯಲ್ಲಿದ್ದು ನಿವೃತ್ತರಾದವರು. ಇಲ್ಲಿ ಅವರಿಗೆ ಜಾತಿಯ ಬಲವಿಲ್ಲ, ನೆಂಟರಿಲ್ಲ, ಪಕ್ಷದ ಕಚೇರಿಯ ಮೆಟ್ಟಿಲು ಹತ್ತಿದ್ದೂ ಇಲ್ಲ. ಆದರೆ ಯಾವ ಕೊಟ್ಟಿಗೆಯಲ್ಲಿ ಯಾವ ಹಸು ಕರು ಹಾಕಲು ಕಷ್ಟಪಟ್ಟಿತ್ತು ಎಂಬುದು ಬಾಯಿಪಾಠ.

ಹೊನ್ನಮ್ಮನ ಅಂಗಳಕ್ಕೆ ಅವರು ಹೋದ ದಿನ ಸದಸ್ಯತ್ವದ ಫಾರಂ ತುಂಬಲು ನನ್ನನ್ನೂ ಕರೆದುಕೊಂಡು ಹೋಗಿದ್ದರು.

"ಪಾರ್ಟಿ ಹೇಳಿದ್ರೆ ಒಡೇರ ಮನೇದು," ಎಂದರು ಹೊನ್ನಮ್ಮ. "ಓಟು ಬಂದಾಗ ಹಾಕಿ ಹೇಳ್ತ್ರು, ಹಾಕ್ತೇವೆ. ಅದ್ರ ಒಳಗೆ ನಮ್ಗೆಂತ ಕೆಲ್ಸ?"

ಮೋಹನಪ್ಪ ಜಗಲಿಯಲ್ಲಿ ಕೂತು ನಿಧಾನವಾಗಿ ಹೇಳಿದರು: "ಯವ್ವಾ, ನೀವು ಓಟು ಹಾಕೂದಕ್ಕಿಂತ ಮದ್ಲ, ಯಾರಿಗೆ ಹಾಕಬೇಕಂತ ಒಂದು ಖೋಲ್ಯಾಗ ನಾಕು ಮಂದಿ ಕುಂತು ಗೊತ್ತು ಮಾಡಿರ್ತಾರ. ಆ ಖೋಲ್ಯಾಗ ನೀವೂ ಬಂದು ಕುಂದರ್ರಿ. ಈ ಪಾರ್ಟಿ ಓಟಿನ್ಯಾಗ ನಾ ಆರಿಸಿ ಬಂದ್ರ ಚೌತಿಯೊಳಗ ಒಡ್ಡಿಗೆ ಕಲ್ಲು ಹಾಕಸ್ತೀನಿ. ಆಮ್ಯಾಲ ಬಂದು ಪಂಚಾಯ್ತಿ ಓಟು ಕೇಳ್ತೀನಿ."

ಹೊನ್ನಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ವೋಟರ್ ಕಾರ್ಡು ತರಲು ಒಳಗೆ ಹೋದರು. ಅವರ ಹಿಂದೆ ಕೇರಿಯ ಹೆಂಗಸರೆಲ್ಲ ಬಂದರು. ಅವರಲ್ಲಿ ಹೆಚ್ಚಿನವರ ಬಳಿ ಮೊಬೈಲ್ ಇರಲಿಲ್ಲ. ಇದ್ದದ್ದು ಗೋವಾದಲ್ಲಿ ದುಡಿಯುವ ಮಕ್ಕಳ ಹತ್ತಿರ.

ಇಲ್ಲೇ ನಾನು ಎಡವಿದ್ದು. ನಮ್ಮ ಕಸುಬಿನಲ್ಲಿ ಫೋನಿಲ್ಲದವರ ಅರ್ಜಿಗೆ ನಮ್ಮದೇ ನಂಬರು ಹಾಕಿ, ಒಟಿಪಿ ನೋಡಿ ಮುಗಿಸುವುದು ರೂಢಿ. ಅದನ್ನು ನಾವು ಉಪಕಾರ ಅಂದುಕೊಂಡಿರುತ್ತೇವೆ. ಎಷ್ಟೋ ಪಿಂಚಣಿಗಳು ಹಾಗೇ ಬಂದಿವೆ. ಆ ಅಂಗಳದಲ್ಲೂ ಒಬ್ಬೊಬ್ಬರ ಫೋಟೋ ತೆಗೆದು, ಎಲ್ಲರಿಗೂ ನನ್ನ ನಂಬರು ಹಾಕಿದೆ. ಎರಡು ವಾರದ ಮೇಲೆ, ಒಂದು ನಂಬರಿಗೆ ಒಬ್ಬರೇ ಸದಸ್ಯರು, ಬದಲಿಸದಿದ್ದರೆ ಹೆಸರು ರದ್ದು ಎಂದು ಪಕ್ಷದಿಂದ ಸಂದೇಶ ಬಂದಿತ್ತು. ದಿನಕ್ಕೆ ನೂರಾರು ಸಂದೇಶ ಬೀಳುವ ಫೋನು ನನ್ನದು. ಓದದೆ ಎಲ್ಲವನ್ನೂ ಒಟ್ಟಿಗೆ ಅಳಿಸಿಹಾಕಿದೆ.

ಮತದಾನ ಬಂದದ್ದು ನಟ್ಟಿಯ, ಅಂದರೆ ಭತ್ತದ ಸಸಿ ನೆಡುವ ಭರದಲ್ಲಿ. ನಟ್ಟಿಗೆ ಇಲ್ಲಿ ಮುಯ್ಯಾಳು: ಇವತ್ತು ನೀನು ನನ್ನ ಗದ್ದೆಗೆ, ನಾಳೆ ನಾನು ನಿನ್ನ ಗದ್ದೆಗೆ. ನಮ್ಮ ಕಡೆಯೂ ಹಿಂದೆ ಇತ್ತು, ಈಗ ಎಲ್ಲಕ್ಕೂ ಕೂಲಿ. ಆ ಒಂದು ದಿನ ಬಿಡುವು ಮಾಡಿಕೊಳ್ಳಲು ಹೆಂಗಸರು ಸರದಿಯನ್ನೆಲ್ಲ ಹಿಂದುಮುಂದು ಮಾಡಿದ್ದರು. ಹೊನ್ನಮ್ಮ ತಮ್ಮ ಗದ್ದೆಯ ಸರದಿಯನ್ನೇ ಕೊನೆಗೆ ತಳ್ಳಿದ್ದರು. ಒಳ್ಳೆಯ ಸೀರೆಯುಟ್ಟು, ಅಬ್ಬಲಿಗೆ ಮುಡಿದು, ಟೆಂಪೋದಲ್ಲಿ ಅಂಕೋಲೆಯ ಕಲ್ಯಾಣ ಮಂಟಪಕ್ಕೆ ಬಂದಿಳಿದರು.

ಪಟ್ಟಿ ಹಿಡಿದು ಕೂತಿದ್ದವನು ತಲೆ ಎತ್ತದೆ ಹೇಳಿದ. "ಇದೆಲ್ಲ ಒಂದೇ ನಂಬರು. ಖೊಟ್ಟಿ ಮೆಂಬರು ಹೇಳಿ ತೆಗ್ದಾಗಿದೆ."

"ನಾ ಇಲ್ಲೇ ನಿಂತಿದ್ದೇನೆ ಅಲಾ," ಎಂದರು ಹೊನ್ನಮ್ಮ. "ನಾ ಖೊಟ್ಟಿ ಆಗುದು ಹೆಂಗೆ?"

ಆ ನಂಬರು ನನ್ನದು, ತಪ್ಪು ನನ್ನದು, ಇವರು ನಿಜವಾದ ಜನ ಎಂದು ನಾನು ಮುಂದೆ ಹೋಗಿ ಹೇಳಿದೆ. ಹಾಗಾದರೆ ಖೊಟ್ಟಿ ಮಾಡಿದವರು ನೀವೇ ಎಂದು ಅವನು ನಕ್ಕ. ಸಾಲಿನಲ್ಲಿದ್ದ ಪೇಟೆಯವರೂ ನಕ್ಕರು. ಮೋಹನಪ್ಪ ಸಂಜೆಯವರೆಗೆ ಒಬ್ಬೊಬ್ಬರ ಹತ್ತಿರ ಹೋಗಿ ಕೇಳಿಕೊಂಡರು. ಏನೂ ಆಗಲಿಲ್ಲ. ಕೆಲವೇ ಮತಗಳಿಂದ ಅವರು ಸೋತರು, ಟೆಂಪೋದಲ್ಲಿ ಬಂದವರ ಮತ ಬಿದ್ದಿದ್ದರೆ ಗೆಲ್ಲುತ್ತಿದ್ದರು. ಗೆದ್ದಿದ್ದರೆ ಒಡ್ಡು ನಿಲ್ಲುತ್ತಿತ್ತೇ ಎಂದರೆ ನನಗೆ ಗೊತ್ತಿಲ್ಲ. ಚೌತಿಯ ನಂತರದ ಹುಣ್ಣಿಮೆಯ ಭರತಿಗೆ ಅದು ಒಡೆಯಿತು. ತೆನೆಯಲ್ಲಿ ಹಾಲು ತುಂಬುವ ಹೊತ್ತು. ವಾರದೊಳಗೆ ಪೈರು ಕೆಂಪಾಯಿತು.

ಮೋಹನಪ್ಪ ಹಾವೇರಿಗೆ, ಮಗಳ ಮನೆಗೆ ಹೋದರು. ಹೊನ್ನಮ್ಮ ನನ್ನನ್ನು ಬೈಯಲಿಲ್ಲ. ಅಂಗಡಿಗೆ ಬರುವುದನ್ನು ಬಿಟ್ಟರು, ಅಷ್ಟೇ. ಬೈದಿದ್ದರೆ ನನಗೆ ಊಟವಾದರೂ ಸೇರುತ್ತಿತ್ತು. ಶಾಂತಾಬಾಯಿ ಮಾತ್ರ, "ನೀನು ಬೇಕು ಹೇಳಿ ಮಾಡಿದ್ದಲ್ಲ ಬಾಯಿ," ಎಂದು ಎರಡು ಮೂರು ಸಲ ಹೇಳಿದರು. ಬೇಕೆಂದು ಮಾಡದಿದ್ದರೂ ಮಾಡಿದವಳು ನಾನೇ.

ಮರುವರ್ಷದ ನಟ್ಟಿಗೆ ಅಂಗಡಿಗೆ ರಜೆ ಹಾಕಿ, ಬೆಳಗಿನ ಮೊದಲ ಬಸ್ಸು ಹಿಡಿದು ಹೊನ್ನಮ್ಮನ ಗದ್ದೆಗೆ ಹೋದೆ. ಹಳ್ಳಿಯವರೇ ಹೇಗೋ ಒಡ್ಡಿಗೆ ಮಣ್ಣು ಮೆತ್ತಿದ್ದರು. ಎರಡರಲ್ಲಿ ಒಂದು ಗದ್ದೆಗೆ ಮಾತ್ರ ಸಸಿ ಇತ್ತು, ಇನ್ನೊಂದು ಖಾಲಿ ಬಿದ್ದಿತ್ತು. ನನ್ನನ್ನು ಕಂಡು ಅವರು ಕೈಗೆ ಸಸಿಯ ಕಟ್ಟು ಕೊಟ್ಟರು. ಮೊಣಕಾಲುದ್ದ ಕೆಸರಿನಲ್ಲಿ ಸಂಜೆಯವರೆಗೆ ಬಗ್ಗಿ ನೆಟ್ಟೆ. ನನ್ನ ಸಾಲು ಸೊಟ್ಟಗಾದಾಗ ಪಕ್ಕದವರು ಕಿತ್ತು ಸರಿಮಾಡಿದರು. ಮಧ್ಯಾಹ್ನ ಗಂಜಿ ಬಡಿಸುವಾಗ ಧೈರ್ಯ ಮಾಡಿ ಹೇಳಿದೆ: "ಓಟಿಗೆ ಬಂದು ನನ್ನಿಂದ ನಿಮ್ಮ ಒಂದು ದಿನ ಹಾಳಾಯಿತಲ್ಲ. ಇದು ಅದಕ್ಕೆ ನನ್ನ ಮುಯ್ಯಿ ಅಂದುಕೊಳ್ಳಿ."

ಹೊನ್ನಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಗಂಜಿ ಹಾಕಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಮುಯ್ಯಿ ಹೇಳಿದ್ರೆ ನಾನೂ ತಿರ್ಗಿ ಬರೂಕೆ ಬೇಕಲ್ಲ ಅಕ್ಕೋರೆ. ನಿಮ್ಮ ಗದ್ದೆ ಎಲ್ಲದೆ?"

ಪಾವಗಡದಲ್ಲಿ ಅಪ್ಪನ ಹೊಲ ಇದೆ. ಅದನ್ನು ಸೋಲಾರ್ ಕಂಪನಿಗೆ ಗುತ್ತಿಗೆ ಕೊಟ್ಟು ವರ್ಷಗಳಾದವು. ಕಣ್ಣು ಹಾಯುವಷ್ಟು ದೂರ ಗಾಜಿನ ಫಲಕಗಳು, ಸುತ್ತ ಬೇಲಿ, ಗೇಟಿಗೆ ಕಾವಲುಗಾರ. ಅಲ್ಲಿಗೆ ಹೊನ್ನಮ್ಮನಲ್ಲ, ನಾನು ಹೋದರೂ ಒಳಗೆ ಬಿಡುವುದಿಲ್ಲ. ಇಲ್ಲಿ ನನ್ನದೆನ್ನುವುದು ಶಾಂತಾಬಾಯಿಯ ಮನೆಯ ಎರಡು ಕೋಣೆ, ಅದೂ ಬಾಡಿಗೆಯದು.

ಸಂಜೆ ಕಾಲು ತೊಳೆದು ಹೊರಟಾಗ ಮುಯ್ಯಾಳಿಗೆ ಬಂದ ಹೆಂಗಸರೆಲ್ಲ ನಾಳೆ ಯಾರ ಗದ್ದೆ ಎಂದು ಮಾತಾಡಿಕೊಳ್ಳುತ್ತಾ ಚದುರಿದರು. ಹೊನ್ನಮ್ಮ ನನ್ನನ್ನು ಒಂದು ಬದಿಗೆ ಕರೆದು, ಹೊರಗಿನ ಆಳಿಗೆ ಕೊಡುವ ಹಾಗೆ ಆ ದಿನದ ಕೂಲಿಯನ್ನು ನನ್ನ ಕೈಯಲ್ಲಿಟ್ಟು ಬೆರಳು ಮಡಚಿದರು. ನಾನು ತೆಗೆದುಕೊಂಡೆ. ಬೇಡ ಎನ್ನಬೇಕಾದರೆ ನಾನು ಅವರಲ್ಲೊಬ್ಬಳಾಗಿರಬೇಕಿತ್ತು.