ಬಾವನ ಬಲಗಣ್ಣು

ಮೂಡುಬಿದಿರೆಯ ನಮ್ಮ ಮನೆಯ ತಾರಸಿಗೆ ಶೀಟು ಹಾಕಿಸುತ್ತಿದ್ದೇನೆ. ಕೆಳಗೆ ಪೇಪರು ಓದುತ್ತಾ ಕುಳಿತಿದ್ದವನ ಮೂಗಿಗೆ ಬೆಳಿಗ್ಗೆ ವೆಲ್ಡಿಂಗ್ ರಾಡು ಸುಟ್ಟ ವಾಸನೆ ಬಂತು. ನಮ್ಮ ಕಡೆ ಮಳೆಗಾಲ ಹತ್ತಿರ ಬಂತೆಂದು ತಿಳಿಯಲು ಪಂಚಾಂಗ ಬೇಡ. ವೆಲ್ಡಿಂಗಿನವರು ಫೋನ್ ಎತ್ತದಿದ್ದರೆ ಸಾಕು. ಕಾಂಕ್ರೀಟಿನ ತಾರಸಿ ಕಟ್ಟಿ, ಅದು ಸೋರಿತೆಂದು ಮೇಲೊಂದು ತಗಡಿನ ಮಾಡು ಹೊದಿಸುವ ಜಾಣರು ನಾವು. ಆ ಜಾಣರಲ್ಲಿ ನಾನೂ ಒಬ್ಬ, ಇರಲಿ. ಆ ವಾಸನೆ ಮಾತ್ರ ನನ್ನನ್ನು ನೇರ ನರಿಕೊಂಬಿನ ಅಕ್ಕನ ಮನೆಗೆ ಕರೆದೊಯ್ಯಿತು.

ಬಂಟ್ವಾಳದಲ್ಲಿ ಕಾಲೇಜು ಓದುವಾಗ ನಾನು ಅಲ್ಲೇ ಇದ್ದೆ. ಅಕ್ಕನ ಗಂಡ, ನನ್ನ ಬಾವ, ಪೇಟೆಯಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿದ್ದರು. ಅಲ್ಲಿ ಮುಖಕ್ಕೆ ಅಡ್ಡ ಹಿಡಿಯುವ ಕಪ್ಪು ಗಾಜಿನ ಕೈಶೀಲ್ಡು ಇತ್ತು, ಇಲ್ಲವೆನ್ನಲಾಗದು. ಮೊಳೆಯಲ್ಲಿ ನೇತಾಡುತ್ತಾ ಜೇಡನಿಗೆ ಆಸರೆಯಾಗಿತ್ತು. ಉದ್ದಕ್ಕೆ ಬೆಸುಗೆ ಎಳೆಯುವಾಗ ಬಾವ ಅದನ್ನು ಹಿಡಿಯುತ್ತಿದ್ದರು. ಆದರೆ ಎರಡು ಕಬ್ಬಿಣಗಳನ್ನು ಮೊದಲು ಒಂದಕ್ಕೊಂದು ಕಚ್ಚಿಸಲು ಚುಕ್ಕೆಯಷ್ಟು ಬೆಸುಗೆ ಹಾಕುವುದುಂಟಲ್ಲ, ಅದಕ್ಕೆ ‘ಟ್ಯಾಕ್’ ಎನ್ನುತ್ತಾರೆ. ಆಗ ಒಂದು ಕೈಯಲ್ಲಿ ಕಬ್ಬಿಣ, ಇನ್ನೊಂದರಲ್ಲಿ ರಾಡು. ಬಾವ ಮುಖ ಓರೆ ಮಾಡಿ, ಕಣ್ಣು ಮುಚ್ಚಿ, ಅಂದಾಜಿನಲ್ಲಿ ಮುಟ್ಟಿಸುತ್ತಿದ್ದರು.

“ದೇವರು ವೆಲ್ಡಿಂಗಿನವನಿಗೆ ಮೂರನೇ ಕೈ ಕೊಡ್ಲಿಲ್ಲ ಮಾರಾಯ,” ಎಂದು ನಗುತ್ತಿದ್ದರು. ತಲೆಗೇ ಹಾಕುವ ಶೀಲ್ಡು ಸಿಗುತ್ತದಲ್ಲ ಎಂದರೆ, “ಅದೆಂಥ, ನಾನು ವೇಷ ಕಟ್ಟಿ ಕುಣೀಲಿಕ್ಕೆ ಹೋಗುವುದಾ?” ಎನ್ನುತ್ತಿದ್ದರು.

ಕಣ್ಣು ಒಮ್ಮೊಮ್ಮೆ ತಡವಾಗಿ ಮುಚ್ಚಿಕೊಳ್ಳುತ್ತಿತ್ತು. ಆ ನೀಲಿ ಬೆಳಕು ಮಹಾ ಕಪಟಿ. ತಾಗಿದಾಗ ಏನೂ ಅನ್ನಿಸುವುದಿಲ್ಲ, ಸಂಜೆ ಊಟಕ್ಕೆ ಕೂತ ಮೇಲೆ ಶುರು. “ಕಣ್ಣಿಗೆ ಹೊಯಿಗೆ ಹಾಕಿದ ಹಾಗೆ ಆಗ್ತದೆ,” ಎಂದು ಬಾವ ಮರಳು ಬಿದ್ದವರಂತೆ ಕಣ್ಣು ಹಿಸುಕಿ, ಬಟ್ಟಲು ಸರಿಸಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಅಕ್ಕ ನಂದಿಬಟ್ಟಲು ಹೂವನ್ನು ನೀರಿಗೆ ಹಾಕಿ, ಆ ನೀರನ್ನು ಕಣ್ಣಿಗೆ ಬಿಡುತ್ತಿದ್ದಳು. ಅದಕ್ಕೂ ಬಗ್ಗದಿದ್ದರೆ ಎದೆಹಾಲು. ಪಕ್ಕದ ಮನೆಯ ಲೀಲಕ್ಕನಿಗೆ ಆಗ ಕೈಗೂಸು. ಪುಟ್ಟ ಬಟ್ಟಲು ಹಿಡಿದು ಕೇಳಲು ಹೋಗಬೇಕಾದವನು, ಮೀಸೆ ಮೂಡುತ್ತಿದ್ದ ನಾನು!

ನಾನು ಅಂಗಳದಲ್ಲಿ ನಿಂತು ಮೊದಲು ಸೆಕೆಯ ಬಗ್ಗೆ, ಆಮೇಲೆ ಹೊಳೆಯ ನೀರಿನ ಬಗ್ಗೆ ಮಾತಾಡುತ್ತಿದ್ದೆ. ಲೀಲಕ್ಕ ಕೈ ಚಾಚಿ, “ಬಟ್ಟಲು ಈಚೆ ಕೊಡು. ನನ್ನ ಮಗುವಿಗಿಂತ ಜಾಸ್ತಿ ನಿನ್ನ ಬಾವನಿಗೇ ಬೇಕಾಗ್ತದೆ,” ಎನ್ನುತ್ತಿದ್ದರು. ಬೆಳಗಾಗುವಾಗ ನೋವು ಇಳಿದಿರುತ್ತಿತ್ತು. ಅದು ತನ್ನಷ್ಟಕ್ಕೇ ಇಳಿಯುವ ನೋವೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಹೆಸರು ಹಾಲಿಗೆ ಬಂತು.

ಒಂದು ವರ್ಷ ಶೀಟಿನ ಕೆಲಸ ಮೈಮೇಲೆ ಬಿದ್ದಿದ್ದಾಗ ಯಾರೋ ಜೊತೆಗಾರರು ಬಾವನಿಗೆ ಒಂದು ಸಣ್ಣ ಬಾಟ್ಲಿ ಕೊಟ್ಟರು. ಒಂದು ಬಿಂದು ಬಿಟ್ಟರೆ ಉರಿ ಮಾಯ. ಲೀಲಕ್ಕನ ಅಂಗಳದಿಂದ ನನಗೆ ಬಿಡುಗಡೆಯಾಯಿತು. ನಾನೂ ಆ ಬಾಟ್ಲಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಬಾವ ಅದನ್ನು ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡರು. ನೋಯುವುದು, ಬಿಂದು ಬಿಡುವುದು, ಮತ್ತೆ ರಾಡು ಹಿಡಿಯುವುದು.

ಮಳೆ ಹಿಡಿದ ಮೇಲೆ ಒಂದು ಸಂಜೆ ಬಾವ ಕಸ ಬಿದ್ದ ಎಡಗಣ್ಣನ್ನು ಮುಚ್ಚಿ ಉಜ್ಜುತ್ತಾ, ಬಲಗಣ್ಣೊಂದರಲ್ಲೇ ಸುತ್ತ ನೋಡಿ, “ಇವತ್ತೂ ವೋಲ್ಟೇಜ್ ಇಲ್ವಾ?” ಎಂದು ಕೇಳಿದರು. ತಲೆಯ ಮೇಲೆ ಬಲ್ಬು ಝಗಝಗ ಉರಿಯುತ್ತಿತ್ತು. ಅಕ್ಕ ಬಲ್ಬನ್ನು ನೋಡಿದಳು, ಬಾವನ ಮುಖ ನೋಡಿದಳು.

ಮರುದಿನ ಕಣ್ಣಿನ ಡಾಕ್ಟರು ಬಾಟ್ಲಿಯನ್ನು ತಿರುಗಿಸಿ ನೋಡಿದರು. “ಇದು ನಾವು ಪರೀಕ್ಷೆ ಮಾಡುವಾಗ ಹಾಕುವ ಮರಗಟ್ಟಿಸುವ ಮದ್ದು. ಮನೆಗೆ ಕೊಡುವಂಥದ್ದಲ್ಲ. ನೋವು ಗೊತ್ತಾಗ್ಲಿಲ್ಲ ಅಷ್ಟೆ, ಗಾಯ ಒಣಗ್ಲಿಕ್ಕೆ ಇದೇ ಬಿಡ್ಲಿಲ್ಲ.” ಹಾಲು, ಹೂವಿನ ಸಂಗತಿ ಕೇಳಿ ಅವರು ತಲೆ ಚಚ್ಚಿಕೊಂಡರು. ಮುಚ್ಚಿದ ಕಣ್ಣಿನ ಮೇಲೆ ತಣ್ಣೀರ ಬಟ್ಟೆ ಇಟ್ಟುಕೊಂಡು ಆಸ್ಪತ್ರೆಗೆ ಬರಬೇಕು, ಒಳಗೆ ಏನನ್ನೂ ಬಿಡಬಾರದು ಎಂದರು. ಬಲಗಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಕಲೆ ಕೂತಾಗಿತ್ತು. ಎಡಗಣ್ಣಾದರೂ ಉಳಿಯುತ್ತದೋ ಎಂದು ಅಕ್ಕ ಕೇಳಿದಳು. ಅದು ಉಳಿಯಿತು. ಬಾವ ತಲೆಗೆ ಹಾಕುವ ಶೀಲ್ಡು ಕೊಂಡರು, ಟ್ಯಾಕಿಗೂ ಅದನ್ನು ಮುಖದ ಮೇಲೆ ಇಳಿಸದೆ ರಾಡು ಮುಟ್ಟಿಸಲಿಲ್ಲ. ಬಲಗಣ್ಣು ಮಾತ್ರ ತಿರುಗಿ ಬರಲಿಲ್ಲ.

ಪೇಪರು ಮಡಚಿ ನಾನು ತಾರಸಿಗೆ ಹೋದೆ. ವೆಲ್ಡಿಂಗಿನ ಹರೀಶ ಮುಖ ಓರೆ ಮಾಡಿ, ಕಣ್ಣು ಮುಚ್ಚಿ ಟ್ಯಾಕ್ ಹಾಕುತ್ತಿದ್ದ. ಶೀಲ್ಡು ಹಾಕಿಕೋ ಎಂದು ಹೇಳಿದೆ. “ಸಣ್ಣ ಟ್ಯಾಕ್ ಅಲ್ವಾ ಸರ್, ಎಂಥ ಆಗುದಿಲ್ಲ,” ಎಂದ. ನಾನು ಪುಕ್ಕಲ, ಈ ಸಮಯದಲ್ಲಿ ವೆಲ್ಡಿಂಗಿನವನು ಮುನಿಸಿಕೊಂಡು ಹೋದರೆ ಮಳೆಗಾಲ ಮುಗಿದ ಮೇಲೇ ಬರುವುದು. ಆದರೂ ಕೆಳಗಿಳಿದು ಮೈನ್ ಸ್ವಿಚ್ ಆಫ್ ಮಾಡಿಬಿಟ್ಟೆ.

ಕೆಲಸ ನೋಡಲೆಂದು ನಿನ್ನೆಯೇ ಬಂದಿದ್ದ ಬಾವ ಚಾವಡಿಯಲ್ಲಿ ಚಹಾ ಕುಡಿಯುತ್ತಿದ್ದರು. ಸಂಗತಿ ಕೇಳಿ, ಗೋಡೆ ಹಿಡಿದು ಮೆಟ್ಟಿಲು ಹತ್ತಿದರು. ನಾನು ಹಿಂದೆ. ಬಿಸಿಲಿಗೆ ನಿಂತು ಕನ್ನಡಕ ತೆಗೆದು ಹರೀಶನನ್ನು ಹತ್ತಿರ ಕರೆದರು.

“ನನ್ನ ಬಲಗಣ್ಣು ನೋಡು. ಎಂಥ ಕಾಣ್ತದೆ?”

ಹರೀಶ ಬಗ್ಗಿ ನೋಡಿದ. “ಬಿಳಿ ಉಂಟು.”

“ನನಗೂ ಅಷ್ಟೇ ಮಗಾ,” ಎಂದರು ಬಾವ. “ಒಳಗಿಂದ ನೋಡಿದರೂ ಅದೇ ಕಾಣುವುದು.”